ಬಚ್ಚಲ ಮೂಲೆಯ ಬೆಚ್ಚನೆಯ ಕಲ್ಲು

ವಾಚಕರಲ್ಲಿ ಹಳೆಯ ಮನೆಗಳಲ್ಲಿ ವಾಸಮಾಡತಕ್ಕವರು ಅನೇಕರಿರಬಹುದು. ಅಂಥವರಿಗೆ ಉಪಯೋಗವಾದೀತೆಂದು, ಕಳೆದ ವರ್ಷ ನಮ್ಮ ಮನೆಯ ಬಚ್ಚಲಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಬರೆಯಲು ಹೊರಟಿದ್ದೇವೆ. ಬಚ್ಚಲಿನ ವಿಷಯವೂ ಒಂದು ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತರಾದ ನಾವು ಸಹ ಹಿಂದೆ ಹಾಗೆಯೇ ಎಣಿಸಿದ್ದೆವು. ಆ ಎಣಿಕೆ ತಪ್ಪೆಂದು ನಮಗೆ ತಿಳಿಸಿಕೊಟ್ಟುದು ಎರಡು ಮೊಳ ಉದ್ದದ ಒಂದು ಕಬ್ಬಿಣದ ಕೊಳವೆ. ಅದು ಕಲಿಸಿದ ಪಾಠದಲ್ಲಿ ನಮ್ಮ ತಪ್ಪೂ ಸೇರಿರುವುದರಿಂದ, ಮುಚ್ಚುಮರೆಯಿಲ್ಲದೆ ಬರೆಯುವುದೇ ನ್ಯಾಯವೆಂದು ತೋರಿತು.

ನಮ್ಮ ಮನೆಯಿರುವುದು ಬೆಂಗಳೂರಿನ ಬಸವನಗುಡಿಯಲ್ಲಿ. 1898ರ ಪ್ಲೇಗಿನ ಹಾವಳಿಯ ತರುವಾಯ, ಪೇಟೆಯ ಇಕ್ಕಟ್ಟಿನಲ್ಲಿದ್ದ ಜನರು ಗಾಳಿ ಬೆಳಕುಗಳಿರುವ ಕಡೆ ನೆಲಸಲೆಂದು ಬಸವನಗುಡಿ ಮಲ್ಲೇಶ್ವರಗಳೆಂಬ ಬಡಾವಣೆಗಳು ಏರ್ಪಟ್ಟುದನ್ನು ಅನೇಕರು ಬಲ್ಲರು. ನಮ್ಮ ಅಜ್ಜನವರು ಈ ಮನೆಯನ್ನು ಕಟ್ಟಿಸಿದುದು 1936ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1933ರಲ್ಲಿ, ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯ ಬಳಿ ಚಾಮರಾಜಸಾಗರವೆಂಬ ಜಲಾಶಯವು ಸಿದ್ಧವಾಗಿದ್ದಿತು. ಹಿತ್ತಿಲ ಬಾವಿಯನ್ನೇ ನಂಬಿದ್ದ ಅಜ್ಜಿಯವರು, ಮನೆಯೊಳಕ್ಕೆ ಕೊಳಾಯಿ ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೂವೇರಿಸಿ ನೀರು ಹಿಡಿದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಸ್ನಾನದ ಬಿಸಿನೀರಿಗೆ ಮಾತ್ರ ಬಹುಕಾಲ ತಾಮ್ರದ ಹಂಡೆಯೇ ಗತಿ. ಒಲೆಯ ಮೇಲೆ ಕಟ್ಟಿ ಕೂರಿಸಿದ ಆ ಹಂಡೆಗೆ ತೆಂಗಿನ ಗರಿ, ಮಟ್ಟೆ, ಕರಟಗಳೇ ಆಹಾರ. ಬಗ್ಗಿ ಬಗ್ಗಿ ನೀರು ತೋಡುವುದು ಅಜ್ಜಿಯವರಿಗೆ ಕಷ್ಟವಾದಾಗ, ನಮ್ಮ ತಂದೆಯವರು 1968ರಲ್ಲಿ ಹಂಡೆಯ ಪಕ್ಕಕ್ಕೆ ಒಂದು ಬಾಯಿ ಮಾಡಿಸಿ, ಅಲ್ಲಿಂದ ಬಚ್ಚಲ ನೆಲಗಲ್ಲಿನ ಅಡಿಯಲ್ಲಿ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯನ್ನು ಎಳೆಸಿ, ಸ್ನಾನದ ಕಲ್ಲಿನ ಬಳಿಗೆ ಕೊಳಾಯಿಯನ್ನು ತಂದರು. ಕಾಲಕ್ರಮದಲ್ಲಿ ಸೌದೆ ಹೋಯಿತು, ಹೊಗೆ ಹೋಯಿತು, ಹಂಡೆಯೂ ಅಟ್ಟ ಸೇರಿತು. 1998ರಲ್ಲಿ ನಾವು ತಾರಸಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೌರಯಂತ್ರವನ್ನು, ಎಂದರೆ ಎಲ್ಲರೂ ಸೋಲಾರ್ ಎನ್ನುವುದನ್ನು, ಕೂರಿಸಿದೆವು. ಯಂತ್ರ ಹೊಸದು, ಅದರೊಳಗಿನ ಕೊಳವೆಗಳು ತಾಮ್ರದವು, ಅಲ್ಲಿಂದ ಕೆಳಗಿಳಿದು ಬಂದುದೂ ತಾಮ್ರವೇ. ಆದರೆ ನೆಲದ ಅಡಿಯಲ್ಲಿ ತಂದೆಯವರ ಕಾಲದ ಕೊಳವೆ ಇದ್ದೇ ಇದೆಯಲ್ಲಾ ಎಂದು, ಹೊಸದರ ಬಾಲವನ್ನು ಹಳೆಯದರ ತಲೆಗೆ ಸೇರಿಸಿ, ಖರ್ಚು ಉಳಿಯಿತೆಂದು ಸಂತೋಷಪಟ್ಟೆವು. ಈ ಸಂತೋಷದ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಳೆದ ವರ್ಷ ಜ್ಯೇಷ್ಠ ಮಾಸದಲ್ಲಿ ನೀರಿನ ಬಿಲ್ಲು ಬಂದಾಗ ನಮಗೆ ಕನ್ನಡಕವನ್ನು ಒರಸಿಕೊಂಡು ಎರಡನೆಯ ಬಾರಿ ಓದಬೇಕಾಯಿತು. ಎಂದಿನ ಹತ್ತು ಸಾವಿರ ಲೀಟರಿನ ಎಡೆಯಲ್ಲಿ ಇಪ್ಪತ್ತು ಸಾವಿರದ ಲೆಕ್ಕವಿತ್ತು. ಮನೆಯಲ್ಲಿ ಇರುವವರು ನಾವಿಬ್ಬರೇ. ಮಗನು ಸಂಸಾರದೊಡನೆ ಪರವೂರಿನಲ್ಲಿದ್ದಾನೆ. ನಮ್ಮ ಮನೆಯವರು ನೀರನ್ನು ತೀರ್ಥದಂತೆ ಬಳಸುವವರು. ನಾವು ದಿನಕ್ಕೊಮ್ಮೆ ಸ್ನಾನಮಾಡುವವರು. ಹಾಗಾದರೆ ಉಳಿದವರಾರು? ಬೆಳಗ್ಗೆ ಬಂದು ಪಾತ್ರೆ ತೊಳೆದು, ಬಟ್ಟೆ ಒಗೆದು, ನೆಲ ಸಾರಿಸಿ ಹೋಗುವ ಕೆಲಸದಾಕೆ. ಹದಿನೆಂಟು ವರ್ಷದಿಂದ ಬರುತ್ತಿದ್ದಳು. ಕೊಳಾಯಿಯನ್ನು ದೊಡ್ಡದಾಗಿ ತಿರುಗಿಸಿ, ನಮ್ಮ ಮನೆಯವರೊಡನೆ ಮಾತಾಡುತ್ತ ಪಾತ್ರೆ ತೊಳೆಯುವುದನ್ನು ನಾವು ಕಣ್ಣಾರೆ ಕಂಡಿದ್ದೆವು. ಕಂಡದ್ದೇ ಪ್ರಮಾಣವಾಯಿತು. ಎರಡನೆಯ ತಿಂಗಳೂ ಬಿಲ್ಲು ಹಾಗೆಯೇ ಬಂದಾಗ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಿಲಿಗೆ ಹೋದೆವು. ಪಕ್ಕದ ಮನೆಯವರು ಬೇಲಿಯ ಆಚೆ ನಿಂತಿದ್ದರು. ಅವರಿಗೂ ಕೇಳಿಸಲಿ ಎಂಬ ಅಲ್ಪಬುದ್ಧಿ ನಮ್ಮ ಮನಸ್ಸಿನ ಯಾವುದೋ ಮೂಲೆಯಲ್ಲಿ ಇದ್ದಿತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

“ಏನಮ್ಮಾ, ನಿನ್ನ ಮನೆಯ ನೀರಾಗಿದ್ದರೆ ಹೀಗೆ ಹರಿಯಬಿಡುತ್ತಿದ್ದೆಯಾ?” ಎಂದೆವು.

ಆಕೆ ಕೊಳಾಯಿಯನ್ನು ನಿಲ್ಲಿಸಿ, ಕೈಯನ್ನು ಸೆರಗಿಗೆ ಒರಸಿಕೊಂಡು, ಎದ್ದು ನಿಂತಳು. “ನಮ್ಮನೇಗೆ ನಲ್ಲೀನೇ ಇಲ್ಲ ಮೇಷ್ಟ್ರೇ. ಬೀದಿ ನಲ್ಲೀಲಿ ನಾಲ್ಕು ಬಿಂದಿಗೆ ಹಿಡಿಯಾಕೆ ಬೆಳಗಾನ ಎದ್ದು ಸಾಲು ನಿಲ್ತೀನಿ. ನೀರಿನ ಬೆಲೆ ನಂಗೆ ನೀವು ಹೇಳಬೇಕಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಉಳಿದ ಪಾತ್ರೆಗಳನ್ನೆಲ್ಲ ತೊಳೆದು, ಒರಸಿ, ಕವಚಿಟ್ಟು ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ತಪ್ಪಿತಸ್ಥಳಾದುದರಿಂದಲೇ ಮುಖ ತೋರಿಸಲಿಲ್ಲವೆಂದು ನಾವು ತೀರ್ಮಾನಿಸಿದೆವು. ನಮ್ಮ ಮನೆಯವರು ಏನನ್ನೂ ಹೇಳಲಿಲ್ಲ. ಮಂಡಿನೋವಿನ ಕಾಲುಗಳನ್ನು ಮಡಿಸಲಾರದೆ, ಒಂದು ಮಣೆಯ ಮೇಲೆ ಕುಳಿತು ತಾವೇ ಪಾತ್ರೆ ತೊಳೆಯತೊಡಗಿದರು. ಆ ಮೌನವನ್ನು ಮೂವತ್ತು ದಿನ ಕೇಳಬೇಕಾಯಿತು.

ಮೂರನೆಯ ತಿಂಗಳ ಬಿಲ್ಲು ಬಂದಿತು. ಇಪ್ಪತ್ತು ಸಾವಿರಕ್ಕೆ ಒಂದು ಹನಿಯೂ ಕಡಮೆಯಿರಲಿಲ್ಲ.

ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂದು ಎರಡುಂಟು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರಲ್ಲದೆ ಇದಕ್ಕೆ ಇದೇ ಕಾರಣವೆಂದು ಹೇಳಲಾಗದು. ಇದನ್ನು ಎಷ್ಟು ತರಗತಿಗಳಿಗೆ ಹೊಗೆ ಬೆಂಕಿಗಳ ಉದಾಹರಣೆಯೊಡನೆ ಹೇಳಿಕೊಟ್ಟಿದ್ದೆವೋ ಲೆಕ್ಕವಿಲ್ಲ. ಈಗ ಕೆಲಸದಾಕೆ ಇಲ್ಲ. ಖರ್ಚು ಮಾತ್ರ ಇದ್ದ ಹಾಗೆಯೇ ಇದೆ. ವ್ಯತಿರೇಕವು ಮುರಿದುಬಿದ್ದಿತ್ತು. ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬಹಳ ಹೊತ್ತು ಜಗಲಿಯ ಮೇಲೆ ಕುಳಿತೆವು. ಒಳಗಿನಿಂದ ಪಾತ್ರೆಯ ಸದ್ದು ಕೇಳುತ್ತಲೇ ಇತ್ತು.

ಅಂದಿನಿಂದ ಶೋಧನೆಗೆ ತೊಡಗಿದೆವು. ನೀರು ಬೀದಿಯಿಂದ ಮೀಟರಿನ ಮೂಲಕ ನೆಲದೊಳಗಿನ ಸಂಪಿಗೂ, ಅಲ್ಲಿಂದ ಪಂಪಿನ ಮೂಲಕ ತಾರಸಿಯ ತೊಟ್ಟಿಗೂ, ತೊಟ್ಟಿಯಿಂದ ಕೊಳಾಯಿಗಳಿಗೂ ಹೋಗುವುದಷ್ಟೆ. ಈ ದಾರಿಯನ್ನು ತುಂಡು ತುಂಡಾಗಿ ಪರೀಕ್ಷಿಸಬೇಕು. ಮೊದಲು ಸಂಪು ತುಂಬಿ, ಅದರ ತೇಲುಗುಂಡು ಮೇಲೆದ್ದು ನೀರನ್ನು ತಡೆದ ಮೇಲೆ ಮೀಟರನ್ನು ನೋಡಿದೆವು. ಅದರ ಮುಳ್ಳು ಅಲುಗಲಿಲ್ಲ. ಎಂದ ಮೇಲೆ ಬೀದಿಯಿಂದ ಸಂಪಿನವರೆಗೆ ದೋಷವಿಲ್ಲ. ಆ ರಾತ್ರಿ ಹತ್ತು ಗಂಟೆಗೆ ಎಲ್ಲ ಕೊಳಾಯಿಗಳನ್ನೂ ಬಿಗಿಯಾಗಿ ನಿಲ್ಲಿಸಿ, ತಾರಸಿಯ ತೊಟ್ಟಿಯೊಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು ಬಂದೆವು. ಜೀವಮಾನವೆಲ್ಲ ಹಿಡಿದಿದ್ದ ಸೀಮೆಸುಣ್ಣ ನಮ್ಮ ಸ್ವಂತ ಅಜ್ಞಾನವನ್ನು ಅಳೆಯಲು ಉಪಯೋಗವಾದುದು ಅಂದೇ ಮೊದಲು.

ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ನೀರು ಗೀಟಿನಿಂದ ನಾಲ್ಕು ಬೆರಳು, ಎಂದರೆ ಮೂರು ಅಂಗುಲ, ಕೆಳಗಿಳಿದಿದೆ! ತೊಟ್ಟಿಯ ಉದ್ದ ನಾಲ್ಕು ಅಡಿ, ಅಗಲ ನಾಲ್ಕು ಅಡಿ. ಮೂರು ಅಂಗುಲವೆಂದರೆ ಕಾಲು ಅಡಿ. ಒಟ್ಟು ನಾಲ್ಕು ಘನ ಅಡಿ. ಘನ ಅಡಿಗೆ ಸುಮಾರು 28 ಲೀಟರಿನಂತೆ, ಎಂಟು ಗಂಟೆಗೆ 112 ಲೀಟರು. ಹಗಲಿರುಳು ಸೇರಿ ಸುಮಾರು 336. ತಿಂಗಳಿಗೆ ಹತ್ತು ಸಾವಿರ. ಬಿಲ್ಲಿನಲ್ಲಿ ಹೆಚ್ಚಾಗಿದ್ದುದೂ ಅಷ್ಟೇ. ಲೆಕ್ಕವು ಕೂದಲೆಳೆಯಷ್ಟೂ ತಪ್ಪದೆ ಕೂಡಿಬಂದಾಗ ಗಣಿತದ ಉಪಾಧ್ಯಾಯರಿಗೆ ಆನಂದವಾಗುತ್ತದಂತೆ; ನಮಗಾದುದು ನಾಚಿಕೆ. ಏಕೆಂದರೆ ಈ ನೀರು ಈಗ ತಿಪ್ಪಗೊಂಡನಹಳ್ಳಿಯದಲ್ಲ, ಕಾವೇರಿಯದು. 1974ರಿಂದ ಈಚೆಗೆ ಸುಮಾರು 100 ಕಿಲೋಮೀಟರು ದೂರದಿಂದ, ಹಂತಹಂತವಾಗಿ ಪಂಪುಗಳ ಬಲದಿಂದ ಸುಮಾರು 500 ಮೀಟರು ಮೇಲಕ್ಕೆ ಎತ್ತಿ ಬೆಂಗಳೂರಿಗೆ ತರುತ್ತಿರುವ ನೀರು. ಅಷ್ಟು ಬೆಟ್ಟ ಹತ್ತಿ ಬಂದ ನದಿಯನ್ನು ನಾವು ಮನೆಯ ಬಾಗಿಲಿನಲ್ಲಿ ಬರಮಾಡಿಕೊಂಡು, ರಾತ್ರೋರಾತ್ರಿ ನೆಲದ ಪಾಲುಮಾಡುತ್ತಿದ್ದೆವು. ನಾಲ್ಕು ಬಿಂದಿಗೆಗಾಗಿ ಬೆಳಗಿನ ಜಾವ ಸಾಲು ನಿಲ್ಲುವವಳನ್ನು ಕಳ್ಳಿಯನ್ನು ಮಾಡಿದ್ದೆವು.

ಅಂದೇ ಕೊಳಾಯಿ ಮೇಸ್ತ್ರಿಯನ್ನು ಕರೆಸಿದೆವು. 1998ರಲ್ಲಿ ಸೌರಯಂತ್ರವನ್ನು ಜೋಡಿಸಿದವನೇ ಈತ. ಆಗ ಮೀಸೆ ಚಿಗುರುತ್ತಿದ್ದ ಹುಡುಗ, ಈಗ ತಲೆ ನರೆತಿದೆ. ಗೀಟಿನ ಕಥೆಯನ್ನು ಕೇಳಿ, “ಒಳ್ಳೇ ಕೆಲಸ ಮಾಡಿದಿರಿ ಸ್ವಾಮಿ, ಎಷ್ಟೋ ಜನ ಇದನ್ನ ಮಾಡದೆ ಮೊದಲು ಗೋಡೆ ಒಡೆಸ್ತಾರೆ” ಎಂದ. ಆ ರಾತ್ರಿ ತೊಟ್ಟಿಯಿಂದ ಸೌರಯಂತ್ರಕ್ಕೆ ಹೋಗುವ ವಾಲ್ವನ್ನು ಮಾತ್ರ ಮುಚ್ಚಿ, ಪುನಃ ಗೀಟು ಎಳೆಯಲು ಹೇಳಿದ. ಬೆಳಗ್ಗೆ ನೀರು ಗೀಟಿನಲ್ಲಿಯೇ ನಿಂತಿದ್ದಿತು. ಆದುದರಿಂದ ಸೋರುತ್ತಿರುವುದು ತಣ್ಣೀರಿನ ಕೊಳವೆಯಲ್ಲ, ಬಿಸಿನೀರಿನ ಕೊಳವೆ. ಮೂರು ತಿಂಗಳಿಂದ ಬೆಳಗ್ಗೆ ಬಿಸಿನೀರು ಸಾಲದೆ ಬರುತ್ತಿದ್ದುದಕ್ಕೆ ನಾವು ಆಷಾಢದ ಮೋಡವನ್ನು ಬೈದುಕೊಂಡಿದ್ದೆವು. ಪಾಪ, ಮೋಡವೂ ನಿರಪರಾಧಿ!

ಮೇಸ್ತ್ರಿ ಬಚ್ಚಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಗೋಡೆಗೆ ಕಿವಿಯಿಟ್ಟು ಆಲಿಸಿದ. ಎಲ್ಲಿಯೂ ತೇವವಿಲ್ಲ, ಸದ್ದಿಲ್ಲ. ಕೊನೆಗೆ, “ನೆಲ ಎಲ್ಲಾದರೂ ಬೆಚ್ಚಗಿರತ್ತಾ ಸ್ವಾಮಿ, ಬೆಳಗಿನ ಹೊತ್ತು?” ಎಂದು ಕೇಳಿದ.

ನಮ್ಮ ಬಾಯಿ ಕಟ್ಟಿತು. ಏತಕ್ಕೆಂದರೆ ಆ ಮಾತನ್ನು ನಾವು ಹಿಂದೆ ಕೇಳಿದ್ದೆವು. ಯುಗಾದಿ ಕಳೆದು ಸ್ವಲ್ಪ ದಿನಗಳಾಗಿರಬಹುದು, ಕೆಲಸದಾಕೆ ಬಚ್ಚಲನ್ನು ಉಜ್ಜುತ್ತಿದ್ದವಳು ಹೊರಕ್ಕೆ ಬಂದು, “ಮೇಷ್ಟ್ರೇ, ಆ ಮೂಲೆ ಕಲ್ಲು ಬೆಚ್ಚಗೈತೆ. ಬಿಸಿಲು ಬೀಳಾಕಿಲ್ಲ, ಒಲೆ ಉರಿಯಾಕಿಲ್ಲ, ಯಾಕೆ ಅಂತ ನೋಡಿಸಿ” ಎಂದಿದ್ದಳು. ನಾವು ಪತ್ರಿಕೆಯಿಂದ ತಲೆಯೆತ್ತದೆ, “ಬೇಸಗೆಯಲ್ಲಿ ಕಲ್ಲು ಬೆಚ್ಚಗಿರದೆ ತಣ್ಣಗಿರುತ್ತದೆಯೇ?” ಎಂದು ನಕ್ಕು ಕಳುಹಿಸಿದ್ದೆವು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದವರು ಬೆರಳಿನಿಂದ ಮೂಲೆಯನ್ನು ತೋರಿಸಿದರು. ಅಲ್ಲಿ ಹಳೆಯ ಹಂಡೆಯೊಲೆಯ ಪಕ್ಕದ ಕಲ್ಲಿನ ಮೇಲೆ ಮನೆಯ ಬೆಕ್ಕು ಮೈಯನ್ನು ಉಂಡೆ ಮಾಡಿಕೊಂಡು ನಿದ್ರಿಸುತ್ತಿದ್ದಿತು. “ನಾಲ್ಕು ತಿಂಗಳಿಂದ ಅದು ಅಡಿಗೆಮನೆಯ ಒಲೆಯ ಹತ್ತಿರಕ್ಕೇ ಬಂದಿಲ್ಲ. ದಿನಾ ಅಲ್ಲೇ ಮಲಗುತ್ತೆ” ಎಂದರು. ನೆಲಕ್ಕೆ ಕೈ ತಾಗಿಸಿದ ಕೆಲಸದಾಕೆ ಬಲ್ಲಳು, ಹೊಟ್ಟೆಯಿಟ್ಟು ಮಲಗಿದ ಬೆಕ್ಕು ಬಲ್ಲುದು, ತಿಳಿಯದಿದ್ದವರು ಯಜಮಾನರೊಬ್ಬರೇ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಪ್ರಮಾಣಗಳನ್ನು ಎಣಿಸುವಾಗ, ಆಪ್ತನೆಂದರೆ ಇದ್ದುದನ್ನು ಇದ್ದ ಹಾಗೆ ಕಂಡು ಹೇಳುವವನೆಂದು ನಾವೇ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆವು. ಆಪ್ತರು ಪೊರಕೆ ಹಿಡಿದು ಬಂದಾಗ ಗುರುತಿಸಲಾರದೆ ಹೋದೆವು.

ಕಲ್ಲನ್ನು ಮೀಟಿ ಎತ್ತಿದರು. ಅಡಿಯ ಮಣ್ಣು ಅನ್ನದ ಗಂಜಿಯಂತಾಗಿ ಹಬೆಯಾಡುತ್ತಿತ್ತು. ನೀರು ಮೇಲೆ ಬರದೆ, ಪಕ್ಕದಲ್ಲಿದ್ದ ಅಜ್ಜನವರ ಕಾಲದ ಕಲ್ಲುಮೋರಿಯ ಸಂದಿಗೆ ದಾರಿ ಮಾಡಿಕೊಂಡು ಹರಿದುಹೋಗುತ್ತಿತ್ತು. ಕೊಳವೆಯನ್ನು ಕೊಯ್ದು ತೆಗೆದ ತುಂಡು ಎರಡು ಮೊಳ. ಹೊರಗೆ ಅಲ್ಲಲ್ಲಿ ತುಕ್ಕಿನ ಗುಳ್ಳೆಗಳು; ಒಂದು ಕಡೆ ಸಾಸಿವೆಕಾಳು ಹೋಗುವಷ್ಟು ತೂತು, ಅದರ ಬಳಿಯಲ್ಲಿ ಇನ್ನೆರಡು. ಒಳಗೆ ನೋಡಿದರೆ ಹೆಬ್ಬೆರಳು ಹೋಗಬೇಕಾದ ಕಡೆ ಪೆನ್ಸಿಲು ಹೋಗುವಷ್ಟೇ ಎಡೆ. ಸುತ್ತಲೂ ಬಿಳಿಯ ಕಲ್ಲಿನಂಥ ಗಾರೆ. ಕೆಲವು ವರ್ಷ ನಾವು ಕೊಳವೆಬಾವಿಯ ಗಡಸು ನೀರನ್ನೂ ಇದರಲ್ಲಿ ಹರಿಸಿದ್ದೆವು. ಅಂಥ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ನೀರು ಕಾದಾಗ ಬೇರ್ಪಟ್ಟು ಕೊಳವೆಯ ಮೈಗೆ ಕಲ್ಲಾಗಿ ಅಂಟುತ್ತದೆ. ಆದುದರಿಂದಲೇ ತಣ್ಣೀರಿನ ಕೊಳವೆಗಿಂತ ಬಿಸಿನೀರಿನ ಕೊಳವೆ ಬೇಗ ಕಟ್ಟಿಕೊಳ್ಳುವುದು.

ತೂತಿನ ಕಾರಣವನ್ನು ಕೇಳಿದೆವು. ಮೇಸ್ತ್ರಿ ತುಸು ಹಿಂಜರಿದು, “ಆವತ್ತೇ ಹೇಳಿದ್ದೆ ಸ್ವಾಮಿ, ತಾಮ್ರಕ್ಕೂ ಇದಕ್ಕೂ ಆಗಿಬರೋದಿಲ್ಲ ಅಂತ” ಎಂದ. ಹೌದು, ಹೇಳಿದ್ದ. “ಇನ್ನೂ ಗಟ್ಟಿಯಾಗಿದೆ, ಸುಮ್ಮನೆ ಖರ್ಚೇಕೆ?” ಎಂದು ಅವನ ಬಾಯಿ ಮುಚ್ಚಿಸಿದವರು ನಾವು. ಹೀಗೆ ಹುಡುಕುತ್ತ ಹೊರಟ ಕಳ್ಳನು ಕೊನೆಗೆ ನಮ್ಮ ಕನ್ನಡಿಯಲ್ಲಿಯೇ ಸಿಕ್ಕಿದ.

ಆಗಿಬರದಿರುವುದೆಂದರೇನೆಂದು ಆಮೇಲೆ ಗ್ರಂಥಗಳನ್ನು ನೋಡಿ ತಿಳಿದುಕೊಂಡೆವು. ಗೃಹಸ್ಥರಿಗೆ ಉಪಯುಕ್ತವಾದುದರಿಂದ ಸಂಗ್ರಹವಾಗಿ ಹೇಳುತ್ತೇವೆ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ನೀರಿನಲ್ಲಿದ್ದರೆ ಅವುಗಳ ನಡುವೆ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಎರಡರಲ್ಲಿ ಒಂದು ಉಳಿದು ಇನ್ನೊಂದು ಸವೆಯುತ್ತದೆ. ಇಟಲಿ ದೇಶದ ಗಾಲ್ವಾನಿ ಎಂಬ ವಿದ್ವಾಂಸನು ಕಪ್ಪೆಯ ಕಾಲುಗಳ ಮೇಲೆ ಮಾಡಿದ ಪ್ರಯೋಗಗಳನ್ನು 1791ರಲ್ಲಿ ಪ್ರಕಟಿಸಿದನು. ಅದೇ ದೇಶದ ವೋಲ್ಟಾ ಎಂಬವನು 1800ರಲ್ಲಿ ಎರಡು ಲೋಹಗಳ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ವಿದ್ಯುತ್ತನ್ನು ಪಡೆದನು. ಸತುವಿನ ಲೇಪವುಳ್ಳ ಕಬ್ಬಿಣಕ್ಕೆ ಗ್ಯಾಲ್ವನೈಜ್ಡ್ ಎಂದು ಹೆಸರು ಬಂದುದು ಆ ಗಾಲ್ವಾನಿಯಿಂದಲೇ. ಕಬ್ಬಿಣದ ಮೇಲೆ ಸತುವನ್ನು ಬಳಿಯುವುದರ ಗುಟ್ಟೂ ಇದೇ: ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಮ್ಮ ರಸಶಾಸ್ತ್ರದವರು ಯಶದವೆಂದು ಕರೆದ ಲೋಹವಿದು. ರಾಜಸ್ಥಾನದ ಉದಯಪುರದ ಬಳಿಯ ಜಾವರಿನಲ್ಲಿ ಇದನ್ನು ಮೂಸೆಗಳಲ್ಲಿ ಆವಿಯಾಗಿಸಿ ಇಳಿಸುತ್ತಿದ್ದ ಪ್ರಾಚೀನ ಕುಲುಮೆಗಳು ಇಂದಿಗೂ ಕಾಣಸಿಗುತ್ತವೆ.

ಆದರೆ ಈ ಕಾವಲಿಗೆ ಎರಡು ಶತ್ರುಗಳುಂಟು. ಮೇಲಿನಿಂದ ತಾಮ್ರದ ಕೊಳವೆಯ ಮೂಲಕ ಹರಿದುಬರುವ ನೀರು ತಾಮ್ರದ ಕಣಗಳನ್ನು ಹೊತ್ತು ತಂದು ಸತುವಿನ ಮೇಲೆ ಕೂರಿಸುತ್ತದೆ. ಕುಳಿತ ಕಡೆಯಲ್ಲೆಲ್ಲ ಗುಳಿ ಬೀಳುತ್ತದೆ. ಎರಡನೆಯ ಶತ್ರು ಶಾಖ. ನೀರಿನ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದರೆ ಕೆಲವು ನೀರುಗಳಲ್ಲಿ ಸತುವಿಗೂ ಕಬ್ಬಿಣಕ್ಕೂ ಇರುವ ಸಂಬಂಧವೇ ತಿರುಗುಮುರುಗಾಗಿ, ಕಾಯಬೇಕಾದುದೇ ಕಾಯಿಸಿಕೊಳ್ಳುವಂತಾಗುತ್ತದೆ. ನಮ್ಮ ಕೊಳವೆಯಲ್ಲಿ ಎರಡೂ ಕೂಡಿದ್ದವು.

ಇನ್ನು ದುರಸ್ತಿಯ ವಿಷಯ. ತೂತಿರುವಷ್ಟು ಕಡೆ ಪಟ್ಟಿ ಕಟ್ಟಿ ಮುಚ್ಚಿದರಾಗದೇ ಎಂದು ನಮ್ಮ ಹಳೆಯ ಜಿಪುಣತನವು ಒಳಗಿನಿಂದ ಪಿಸುಗುಟ್ಟಿತು. ಈ ಸಲ ನಾವು ಅದಕ್ಕೆ ಕಿವಿಗೊಡದೆ ಮೇಸ್ತ್ರಿಗೆ ಕಿವಿಗೊಟ್ಟೆವು. ಒಂದು ಕಡೆ ತೂತಾದ ಕೊಳವೆ ಉದ್ದಕ್ಕೂ ತೆಳುವಾಗಿರುತ್ತದೆ. ಒಂದನ್ನು ಮುಚ್ಚಿದರೆ ಮಗ್ಗುಲಲ್ಲಿ ಇನ್ನೊಂದು ಬಾಯಿಬಿಡುತ್ತದೆ. ಆದಕಾರಣ ನೆಲದ ಅಡಿಯ ಕೊಳವೆಯನ್ನು ಪೂರ್ತಿ ತೆಗೆಸಿದೆವು. ಸೌರಯಂತ್ರದ ಬಳಿ ತಾಮ್ರವನ್ನೇ ಉಳಿಸಿ, ಅದರ ಕೊನೆಗೆ ಒಂದು ಹಿತ್ತಾಳೆಯ ಜೋಡಣೆಯನ್ನು ಕೊಟ್ಟು, ಅಲ್ಲಿಂದ ಮುಂದಕ್ಕೆ ಸಿ.ಪಿ.ವಿ.ಸಿ. ಎಂಬ ಬಿಸಿನೀರಿನ ಕೊಳವೆಯನ್ನು ಹಾಕಿಸಿದೆವು. ಸಾಮಾನ್ಯವಾದ ಪಿ.ವಿ.ಸಿ. ಕೊಳವೆಯನ್ನು ಸುಮಾರು 60 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಬಳಸಲಾಗದು, ಸಿ.ಪಿ.ವಿ.ಸಿ.ಯಾದರೆ ಸುಮಾರು 93 ಡಿಗ್ರಿಯವರೆಗೆ ತಡೆಯುತ್ತದೆ. ಎರಡೂ ನೋಡಲು ಅಣ್ಣತಮ್ಮಂದಿರಂತಿರುವುದರಿಂದ, ಕೊಳ್ಳುವಾಗ ಮೈಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ಮುಖ್ಯವಾಗಿ, ಕೊಳವೆಯನ್ನು ಈ ಸಲ ನೆಲದಲ್ಲಿ ಹುಗಿಯದೆ ಗೋಡೆಯ ಹೊರಮೈಯಲ್ಲಿ ಕಣ್ಣಿಗೆ ಕಾಣುವಂತೆ ಒಯ್ದು, ಶಾಖವು ಹೋಗದಂತೆ ಹೊದಿಕೆ ಸುತ್ತಿಸಿದೆವು. ಇದರಿಂದ ಗೋಡೆಯ ಅಂದ ಕೆಡುತ್ತದೆಯೆಂದು ಮಗನು ದೂರವಾಣಿಯಲ್ಲಿ ಹೇಳಿದ. ಇಷ್ಟೆಲ್ಲ ತೊಂದರೆಯೇಕೆ, ಹಳೆಯ ಮನೆಯನ್ನು ಬಿಲ್ಡರಿಗೆ ಕೊಟ್ಟುಬಿಟ್ಟರೆ ಹೊಸದಾಗಿ ನಾಲ್ಕಂತಸ್ತು ಎಬ್ಬಿಸಿಕೊಡುವನೆಂದೂ ಹೇಳಿದ. ಹೊಸ ಮನೆಯಲ್ಲಿಯೂ ಕೊಳವೆಗಳು ಗೋಡೆಯೊಳಗೇ ಇರುತ್ತವಪ್ಪಾ, ಅವೂ ಹಳತಾಗುತ್ತವೆ, ಎಂದೆವು. ಅವನು ನಕ್ಕು ಸುಮ್ಮನಾದ. ಆ ಮಾತು ಅಲ್ಲಿಗೆ ಮುಗಿದಿದೆಯೆಂದು ನಾವೂ ನಂಬಿಲ್ಲ.

ಕೆಲಸ ಮುಗಿದ ಸಾಯಂಕಾಲ ನಾವಿಬ್ಬರೂ ಕೆಲಸದಾಕೆಯ ಮನೆಯನ್ನು ಹುಡುಕಿಕೊಂಡು ಹೋದೆವು. ಹದಿನೆಂಟು ವರ್ಷದಿಂದ ಆಕೆ ನಮ್ಮ ಮನೆಗೆ ಬರುತ್ತಿದ್ದಳು. ಆಕೆಯ ಮನೆ ಎಲ್ಲಿಯೆಂದು ನಾವು ನಾಲ್ಕು ಜನರನ್ನು ಕೇಳಬೇಕಾಯಿತು. ಬಡಾವಣೆಯ ಹಿಂದಣ ಓಣಿ. ತಿರುವಿನಲ್ಲಿ ಒಂದು ಕೊಳಾಯಿ. ಅದರ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ಕೊಳಾಯಿಯಲ್ಲಿ ನೀರು ಇನ್ನೂ ಬಂದಿರಲಿಲ್ಲ. ಆಕೆ ಸಾಲಿನಲ್ಲಿಯೇ ಇದ್ದಳು. ನಮ್ಮನ್ನು ಕಂಡು ಗಾಬರಿಯಿಂದ, “ಯಾಕಮ್ಮಾರೇ, ಮೈ ಹುಷಾರಾಗೈತಾ?” ಎಂದು ನಮ್ಮ ಮನೆಯವರನ್ನು ಕೇಳಿದಳು.

ನಾವು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡುಬಂದಿದ್ದ ವಾಕ್ಯಗಳೊಂದೂ ನಾಲಗೆಗೆ ಬರಲಿಲ್ಲ. ಬೇಲಿಯ ಆಚೆಯವರ ಎದುರಿಗೆ ಆಡಿದ ಮಾತನ್ನು ಬಿಂದಿಗೆಯ ಸಾಲಿನವರ ಎದುರಿಗೇ ಹಿಂತೆಗೆದುಕೊಳ್ಳಬೇಕೆಂಬುದು ಮಾತ್ರ ನೆನಪಿದ್ದಿತು. “ತಪ್ಪು ನಮ್ಮದಮ್ಮಾ. ನೀನು ಹೇಳಿದ ಮೂಲೆಯಲ್ಲಿಯೇ ಕೊಳವೆ ಒಡೆದಿತ್ತು. ನಿನ್ನ ಮಾತನ್ನು ಕೇಳಲಿಲ್ಲ, ಮೇಲೆ ನಿನ್ನನ್ನೇ ಅಂದೆವು” ಎಂದೆವು. ಸಾಲಿನಲ್ಲಿದ್ದವರು ನಮ್ಮ ಕಡೆ ತಿರುಗಿ ನೋಡಿದರು. ಆಕೆ ತಲೆ ತಗ್ಗಿಸಿ ಬಿಂದಿಗೆಯ ಬಾಯನ್ನು ಒರಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಕಲ್ಲು ಈಗ ತಣ್ಣಗಾಯ್ತಾ?” ಎಂದು ಕೇಳಿದಳು. ಆಯಿತೆಂದೆವು. “ಹಂಗಾದ್ರೆ ಬೆಕ್ಕು ಎಲ್ಲಿ ಮಲಗ್ತೈತೆ?” ಎಂದಳು. ಅಷ್ಟು ಹೊತ್ತು ಮಾತಾಡದೆ ನಿಂತಿದ್ದ ನಮ್ಮ ಮನೆಯವರು ಕಣ್ಣೊರಸಿಕೊಂಡು ನಕ್ಕರು.

ಆಕೆ ಕೂಡಲೇ ಹಿಂದಿರುಗಿದಳೆಂದು ಬರೆದರೆ ಸುಳ್ಳಾದೀತು. ಬೆಳಗಿನ ಹೊತ್ತಿಗೆ ಬೇರೆ ಮನೆಯ ಕೆಲಸವನ್ನು ಒಪ್ಪಿಕೊಂಡಿದ್ದಳು. ಕೊಟ್ಟ ಮಾತನ್ನು ಬಿಡಲಾಗದೆಂದಳು. ಈಗ ಸಾಯಂಕಾಲ ಮಾತ್ರ ಬಂದು ಹೋಗುತ್ತಾಳೆ. ಬೆಳಗಿನ ಪಾತ್ರೆಗಳಲ್ಲಿ ಅರ್ಧವನ್ನು ನಾವು ತೊಳೆಯುತ್ತೇವೆ. ನಮ್ಮ ಮಾತಿಗೆ ತೆತ್ತ ಬೆಲೆ ಇಷ್ಟಕ್ಕೇ ನಿಂತುದು ನಮ್ಮ ಪುಣ್ಯ. ಕೊಳಾಯಿಯನ್ನು ದೊಡ್ಡದಾಗಿ ತಿರುಗಿಸದೆ ಪಾತ್ರೆ ಶುದ್ಧವಾಗುವುದಿಲ್ಲವೆಂಬುದೂ ನಮಗೆ ಈಗ ತಿಳಿದಿದೆ.

ಗೃಹಸ್ಥರಾದ ವಾಚಕರಲ್ಲಿ ಕೆಲವು ಬಿನ್ನಹಗಳು. ನಮ್ಮ ಅಜ್ಜನವರ ಪೆಟ್ಟಿಗೆಯಲ್ಲಿ ಮನೆಯ ಕ್ರಯಪತ್ರವಿದೆ, ಮೂರು ತಲೆಮಾರಿನ ಜಾತಕಗಳಿವೆ. ಕೊಳವೆಗಳು ಎಲ್ಲಿ ಹರಿದಿವೆಯೆಂಬ ಒಂದು ನಕ್ಷೆ ಮಾತ್ರ ಇರಲಿಲ್ಲ. ಈಗ ಬರೆದು ಇಟ್ಟಿದ್ದೇವೆ, ನೀವೂ ಬರೆದಿಡಿ. ವಾಲ್ವುಗಳು ಎಲ್ಲಿವೆಯೆಂದು ಮನೆಯವರೆಲ್ಲರಿಗೂ ತಿಳಿದಿರಲಿ; ವರ್ಷಕ್ಕೆರಡು ಸಲವಾದರೂ ಅವನ್ನು ತಿರುಗಿಸಿ ನೋಡದಿದ್ದರೆ ಬೇಕಾದಾಗ ತಿರುಗುವುದಿಲ್ಲ. ಹೊಸ ಕೊಳವೆಗೆ ರಾತ್ರಿಯಿಡೀ ನೀರು ತುಂಬಿಸಿಟ್ಟು, ಎಲ್ಲಿಯೂ ಜಿನುಗದೆಂದು ಕಂಡ ಮೇಲೆಯೇ ಗಾರೆ ಮುಚ್ಚಿಸಿ. ತಾಮ್ರದಿಂದ ಸತುವಿನ ಕೊಳವೆಗೆ ಬಿಸಿನೀರು ಹರಿಯುವಂತೆ ಜೋಡಿಸಬೇಡಿ. ಅನುಭವವುಳ್ಳ ಮೇಸ್ತ್ರಿ ಬೇಡವೆಂದುದನ್ನು ಖರ್ಚಿನ ನೆಪದಿಂದ ಮಾಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು ಒಂದುಂಟು. ನೀರಿನ ಲೆಕ್ಕ ಹೆಚ್ಚಾಗಿ ಬಂದರೆ, ಮನೆಯಲ್ಲಿ ಯಾರ ಮೇಲಾದರೂ ಬಾಯಿಬಿಡುವುದಕ್ಕೆ ಮೊದಲು, ಒಂದು ರಾತ್ರಿ ಎಲ್ಲ ಕೊಳಾಯಿಗಳನ್ನೂ ನಿಲ್ಲಿಸಿ ತೊಟ್ಟಿಯಲ್ಲಿ ಒಂದು ಗೀಟು ಎಳೆಯಿರಿ. ಅದಕ್ಕೆ ಬೇಕಾಗುವುದು ಒಂದು ತುಂಡು ಸೀಮೆಸುಣ್ಣ ಮತ್ತು ಬೆಳಗಿನವರೆಗಿನ ತಾಳ್ಮೆ. ಅಷ್ಟು ತಾಳ್ಮೆಯಿದ್ದಿದ್ದರೆ ನಮ್ಮ ಮನೆಯವರು ಒಂದು ತಿಂಗಳು ಮಣೆಯ ಮೇಲೆ ಕುಳಿತು ಪಾತ್ರೆ ತೊಳೆಯಬೇಕಾಗುತ್ತಿರಲಿಲ್ಲ. ನಿರಪರಾಧಿಯೊಬ್ಬಳು ನೊಂದುಕೊಂಡು ಹೋಗಬೇಕಾಗುತ್ತಿರಲಿಲ್ಲ.

ತಿಂಗಳ ಮೊದಲನೆಯ ದಿನ ಗೀಟು ಎಳೆಯುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಕಳೆದ ತಿಂಗಳು ನೀರು ಗೀಟಿನಲ್ಲಿಯೇ ಇದ್ದಿತು. ಬೆಕ್ಕು ಅಡಿಗೆಮನೆಯ ಒಲೆಯ ಹತ್ತಿರಕ್ಕೆ ಹಿಂದಿರುಗಿದೆ.